ಕಪ್ಪು ಕೊಳವೆ ಇಳಿದ ಮೇಲೆ

ಕೊಪ್ಪಳ, ಹಾಸ್ಟೆಲ್
4 ಮಾರ್ಚ್ 2025

ಅವ್ವ,

ರೊಟ್ಟಿ ಗಂಟು ಬಂತು. ಮುದಿಯಪ್ಪ ಕಂಡಕ್ಟರ್ ಗೇಟಿನಲ್ಲಿ ಕೊಟ್ಟು, "ಖಾಲಿ ಡಬ್ಬಿ ನಾಳಿ ಮುಂಜಾನಿ ಬಸ್ಸಿಗೆ ಕೊಡಬೇಕಂತ ನಿಮ್ಮವ್ವಾರು ಹೇಳ್ಯಾರ" ಎಂದ. ಹಾಗಾಗಿ ಈ ಪತ್ರ ಖಾಲಿ ಡಬ್ಬಿಯೊಳಗೆ ಬರುತ್ತಿದೆ. ಶೇಂಗಾ ಚಟ್ನಿ ವಾಸನೆ ಬಂದರೆ ಸಾರಿ.

ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀ. ಫಸ್ಟ್ ಇಯರ್‌ನವರ ಮೊಬೈಲ್ ಎಲ್ಲ ವಾರ್ಡನ್ ಮೇಡಂ ಕಪಾಟಿನಲ್ಲಿರುತ್ತವೆ, ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಆ ಅರ್ಧ ಗಂಟೆ ಅಪ್ಪಾಜಿ ನಿನ್ನ ಪಕ್ಕದಲ್ಲೇ ಕೂತಿರುತ್ತಾರೆ. ಇದು ಅಪ್ಪಾಜಿಗೆ ನೀನು ಹೇಳಬೇಕಾದ ವಿಷಯ, ನಾನು ಹೇಳಿದರೆ ಕೆಲಸ ಕೆಡುತ್ತದೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಪತ್ರ ಬರೆಯುವುದೇನು ಹೊಸದಲ್ಲ ಬಿಡು.

ಗಂಗಾವತಿ ಹಾದಿಯಲ್ಲಿರುವ ವಾಟರ್ ಪಾರ್ಕಿಗೆ ಹೊಸ ಸ್ಲೈಡ್‌ಗಳು ಬಂದಿವೆ. ನಮ್ಮ ಕ್ಲಾಸಿನವರೆಲ್ಲ ಹೋಗಿ ಬಂದರು. ಕ್ಯಾಂಟೀನಿನಲ್ಲಿ ಅದೇ ಮಾತು, ಕಪ್ಪು ಕೊಳವೆಯಲ್ಲಿ ಯಾರು ಅತ್ತರು, ಯಾರು ಅರ್ಧ ಮೆಟ್ಟಿಲು ಹತ್ತಿ ವಾಪಸ್ ಇಳಿದರು. ನಾನು ಮತ್ತು ನನ್ನ ರೂಮ್‌ಮೇಟ್ ಲಲಿತಾ ಸುಮ್ಮನೆ ಟೀ ಕುಡಿಯುತ್ತೇವೆ. ಅವ್ವ, ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆರು ತಿಂಗಳಾದರೂ ಆ ಕ್ಲಾಸಿನಲ್ಲಿ ನನ್ನ ಹೆಸರು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಾತಾಡಲು ನನ್ನ ಹತ್ತಿರವೂ ಒಂದು ವಿಷಯ ಇರಬೇಕು ಅನ್ನಿಸುತ್ತದೆ.

ನಮ್ಮಿಬ್ಬರಲ್ಲಿ ಒಬ್ಬರ ಮನೆಯ ಹಿರಿಯರು ಹಾಸ್ಟೆಲ್ಲಿಗೆ ಬಂದು ಸಹಿ ಮಾಡಿ, ಜೊತೆಗೇ ಇದ್ದು ವಾಪಸ್ ಕರೆದುಕೊಂಡು ಬಂದರೆ ಮಾತ್ರ ಪಾರ್ಕಿಗೆ ಬಿಡುತ್ತಾರಂತೆ. ಲಲಿತಾಳ ಮನೆಯವರು ಕುಷ್ಟಗಿಯಿಂದ ಬರಲಾರರು, ಹೊಲದ ಕೆಲಸ ಇದೆ. ಅಪ್ಪಾಜಿ ಭಾನುವಾರ ಅಂಗಡಿ ಅರ್ಧ ದಿನ ಮುಚ್ಚುತ್ತಾರಲ್ಲ, ಕೇಳಿ ನೋಡು. ಅವರು ನೀರಿಗೆ ಇಳಿಯಬೇಕಿಲ್ಲ. ದಂಡೆಯ ಮೇಲೆ ಕೂತರೆ ಸಾಕು.

ಬೇಡ ಅಂದರೆ ಬೇಡ ಅಂತಲೇ ಬರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆಕ್ಚುವಲಿ ಮಾಡಿಕೊಳ್ಳುತ್ತೇನೆ, ಆದರೂ ಬರೆ.

ನಿನ್ನ
ಅಮೃತಾ


ಯಲಬುರ್ಗಾ
6 ಮಾರ್ಚ್ 2025

ಅಮೃತಾ,

ಚಟ್ನಿ ವಾಸನೆಗೆ ನಿಮ್ಮಪ್ಪಾಜಿ ಡಬ್ಬಿ ತೆಗೆಯಲಿಲ್ಲ, ಒಳ್ಳೆಯದಾಯಿತು.

ಊಟಕ್ಕೆ ಬಡಿಸುತ್ತಾ ಕೇಳಿದೆ. "ಮಂದಿ ಚಡ್ಡಿ ಹಾಕ್ಕೊಂಡು ಕುಣಿಯೂ ಜಾಗಾದಾಗ ನಂದೇನು ಕೆಲಸ" ಅಂದರು. ನಾನು ಸುಮ್ಮನಾದೆ. ಮಜ್ಜಿಗೆ ಹೊತ್ತಿಗೆ ಅವರೇ, "ಹುಡುಗಿ ಎಂದೂ ಏನೂ ಕೇಳಿದಾಕಿ ಅಲ್ಲ" ಅಂದರು. ಆಗಲೂ ನಾನು ಸುಮ್ಮನಿದ್ದೆ. ಕೈ ತೊಳೆಯುವಾಗ, "ದಂಡಿ ಮ್ಯಾಲ ಕುಂದರ್ತೀನಿ, ನೀರಿಗಿ ಇಳಿ ಅಂತ ಆಕಿ ಅನಬಾರದು" ಅಂದರು. ಆಯಿತಲ್ಲ.

ಸೋಮವಾರ ಸಂಜೆ ಮಠದಲ್ಲಿ ವಚನ ಓದುವುದು ಅವರದೇ ಪಾಳಿ ಎಂಬುದು ನಿನಗೆ ಗೊತ್ತು. ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಎದುರಿಗೆ ಕೂತು ಕೇಳುತ್ತಾರೆ. ಭಾನುವಾರ ರಾತ್ರಿಯೇ ನಿಮ್ಮಪ್ಪಾಜಿ ಊರಿಗೆ ಬರುವ ಹಾಗೆ ನೋಡಿಕೋ. ಸಕ್ಕರೆ ಕಾಯಿಲೆಯ ಗುಳಿಗೆ ಅಂಗಿಯ ಕಿಸೆಯಲ್ಲಿ ಇಡುತ್ತೇನೆ, ಊಟದ ನಂತರ ನೆನಪು ಮಾಡು.

ನೀನು ಹುಷಾರು. ತಲೆ ಒರೆಸಿಕೋ.

ಅವ್ವ
ಕಳಕಮ್ಮ


ಕೊಪ್ಪಳ
10 ಮಾರ್ಚ್ 2025

ಅವ್ವ,

ಅಪ್ಪಾಜಿ ನಿನ್ನೆ ಮನೆ ಮುಟ್ಟಿದ ಮೇಲೆ ಏನು ಹೇಳಿದರೋ ಗೊತ್ತಿಲ್ಲ. ಹಾಸ್ಟೆಲ್ ಗೇಟಿನಲ್ಲಿ ನನ್ನನ್ನು ಬಿಡುವಾಗ, "ನಿಮ್ಮವ್ವಗ ನಾನ ಹೇಳ್ತೀನಿ, ನೀ ಏನೂ ಬರಿಯಾಕ ಹೋಗಬ್ಯಾಡ" ಎಂದಿದ್ದರು. ಆದರೂ ಬರೆಯುತ್ತಿದ್ದೇನೆ. ಅವರು ಹೇಳಿದ್ದರೆ ಇದನ್ನು ಹರಿದುಬಿಡು. ಹೇಳಿಲ್ಲ ಎಂದರೆ, ಪ್ಲೀಸ್, ಕೂತುಕೊಂಡು ಓದು.

ಮೊದಲಿನಿಂದ ಹೇಳುತ್ತೇನೆ. ನನ್ನ ತಲೆಯಲ್ಲಿ ಕೊನೆಯದೊಂದೇ ತಿರುಗುತ್ತಿದೆ.

ಒಳಗೆ ಹೋದ ಕೂಡಲೇ ಬಾಡಿಗೆಯ ನೈಲಾನ್ ಬಟ್ಟೆ ಹಾಕಿಕೊಳ್ಳಬೇಕು. ನಮಗೆ ಕೊಟ್ಟದ್ದು ಮೊಣಕಾಲಿನ ಕೆಳಗೆ ಬರುತ್ತಿತ್ತು, ಚಿಂತೆ ಇಲ್ಲ. ಹೊಸ ಸ್ಲೈಡ್ ಮೂರು. ಒಂದು ಕೆಂಪು, ತೆರೆದದ್ದು, ಅಲೆ ಅಲೆಯಾಗಿ ಇಳಿಯುತ್ತದೆ. ಒಂದರಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ನಾಲ್ಕು ಜನ ಒಟ್ಟಿಗೆ ಜಾರುತ್ತಾರೆ. ಮೂರನೆಯದು ಆ ಕಪ್ಪು ಕೊಳವೆ, ಪೂರಾ ಮುಚ್ಚಿದ್ದು. ಹತ್ತಲು ಕಬ್ಬಿಣದ ಮೆಟ್ಟಿಲು. ಮೇಲೆ ನಿಂತರೆ ಒಂದು ಕಡೆ ಕಾಲುವೆ ನೀರಿನ ಹಸಿರು ಗದ್ದೆ, ಇನ್ನೊಂದು ಕಡೆ ಬರೀ ಕಲ್ಲುಗುಡ್ಡ. ನನ್ನ ಹಿಂದೆ ನಿಂತಿದ್ದವನೊಬ್ಬ, "ಏ, ಇಲ್ಲಿಂದ ನಿಮ್ಮ ಮಾವನ ಮನಿ ಕಾಣತೈತಿ ನೋಡಲೇ" ಎಂದ. ಅವನ ಗೆಳೆಯ, "ಹಂಗಿದ್ರ ನಾ ಇಳಿಯೂದ ಇಲ್ಲ ಬಿಡು" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ನನ್ನ ಕೈ ರೇಲಿಂಗಿಗೆ ಅಂಟಿಕೊಂಡಿತ್ತು.

ಒಳಗೆ ಏನೂ ಕಾಣುವುದಿಲ್ಲ, ಅವ್ವ. ನೀರು ನೂಕುತ್ತದೆ, ತಿರುವು ಬಂತೆಂದು ಮೈಗೆ ಗೊತ್ತಾಗುವ ಹೊತ್ತಿಗೆ ತಿರುವು ಮುಗಿದಿರುತ್ತದೆ. ಹೊಟ್ಟೆ ಮೇಲೆಯೇ ಉಳಿದು ನಾನು ಮಾತ್ರ ಇಳಿದ ಹಾಗೆ. ಮೂಗಿನಲ್ಲಿ ನೀರು. ಆಮೇಲೆ ಒಮ್ಮೆಲೇ ಬೆಳಕು, ದಬಕ್ಕನೆ ಕೊಳದಲ್ಲಿ. ಲಲಿತಾ ಎದ್ದು ನಿಂತು ಮಾಡಿದ ಮೊದಲ ಕೆಲಸ ಹಲ್ಲು ಎಲ್ಲ ಇವೆಯೇ ಎಂದು ನಾಲಿಗೆಯಿಂದ ಮುಟ್ಟಿ ನೋಡಿದ್ದು. ನಾವು ಮತ್ತೆ ಹತ್ತಿದೆವು.

ಅಪ್ಪಾಜಿ ದಂಡೆಯ ಮೇಲೆ, ಧೋತರ ಮೇಲೆ ಎತ್ತಿಕೊಂಡು, ಪಾದ ಮಾತ್ರ ನೀರಿನಲ್ಲಿ ಇಟ್ಟು ಕೂತಿದ್ದರು. ಪಕ್ಕದಲ್ಲಿ ಕನಕಗಿರಿಯಿಂದ ಬಂದ ಹಸನಬೀ ಎಂಬ ಅಜ್ಜಿ. ಮೊಮ್ಮಕ್ಕಳ ಜೊತೆ ಬಂದಿದ್ದಳು. ತಲೆಗೆ ಸೆರಗಿನ ಹಾಗೆ ಟವೆಲ್ ಕಟ್ಟಿಕೊಂಡು ಅವಳೂ ಕೊಳವೆ ಇಳಿದು ಬಂದಿದ್ದಳು.

"ಸಾಹುಕಾರ್ರ, ನೀವ್ಯಾಕ ಕುಂತೀರಿ? ನಾ ಮುದುಕಿ ಹೋಗಿ ಬಂದೀನಿ" ಎಂದಳು.

"ನಮಗ ವಯಸ್ಸಾತವ್ವಾ" ಎಂದರು ಅಪ್ಪಾಜಿ.

"ಮತ್ತ ನಾ ನಿನ್ನೆ ತೊಟ್ಟಿಲದಾಗಿಂದ ಇಳದೀನೇನು?"

ಅಪ್ಪಾಜಿ ನಕ್ಕರು. ಸ್ವಲ್ಪ ಹೊತ್ತು ಕೊಳವೆಯ ಬಾಯಿಯನ್ನೇ ನೋಡಿದರು. ಆಮೇಲೆ ನನ್ನನ್ನು ಕರೆದು, "ಅದರಾಗ ಉಸುರು ಆಡತೈತೇನು?" ಎಂದು ಕೇಳಿದರು. ನಾನು ಇಳಿಯಿರಿ ಅನ್ನಲಿಲ್ಲ ಅವ್ವ, ಪ್ರಾಮಿಸ್. ಆಡುತ್ತದೆ ಎಂದಷ್ಟೇ ಹೇಳಿದೆ.

ಅವರೇ ಹೋಗಿ ನೈಲಾನ್ ಬಟ್ಟೆ ಹಾಕಿಕೊಂಡು ಬಂದರು. ಮೆಟ್ಟಿಲ ಬುಡದಲ್ಲಿ ಗಾರ್ಡ್ ತಡೆದ. "ಕೊಳ್ಳಾಗಿಂದು ತೆಗೀರಿ ಯಜಮಾನ್ರ. ಬೆಳ್ಳಿ ತಾಗಿ ಗಾಯ ಆಗತೈತಿ, ದಾರ ಸಿಕ್ಕೊಂಡ್ರ ಕುತ್ತಿಗಿಗೆ ಅಪಾಯ." ಅದು ಅವರ ಇಷ್ಟಲಿಂಗ ಇರುವ ಬೆಳ್ಳಿ ಕರಡಿಗೆ. "ಇದನ್ನ ತಗಿಯೂದಿಲ್ಲಪಾ" ಎಂದು ಅಪ್ಪಾಜಿ ತಿರುಗಿ ಹೊರಟರು. ಅವರ ಮುಖ ನೋಡಿದೆ. ಸಣ್ಣ ಹುಡುಗನಿಗೆ ಬೇಡ ಎಂದ ಹಾಗೆ ಆಗಿತ್ತು.

ಆಗ ನಾನು ಬಾಯಿ ಹಾಕಿದೆ. ಬೆಳ್ಳಿ ಕರಡಿಗೆ ಮತ್ತು ದಾರ ಲಾಕರಿನಲ್ಲಿರಲಿ, ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳಿ, ಹೊಲದಲ್ಲಿ ಕೆಲಸ ಮಾಡುವವರು ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಾರಲ್ಲ ಎಂದೆ. ಗಾರ್ಡ್ ಬಟ್ಟೆಯಾದರೆ ನಡೆಯುತ್ತದೆ ಎಂದ. ಕಟ್ಟಲು ದಾರ ಇರಲಿಲ್ಲ. ನನ್ನ ಜಡೆಯ ಸ್ಯಾಟಿನ್ ರಿಬ್ಬನ್ ಬಿಚ್ಚಿದೆ. ಅಪ್ಪಾಜಿ ಗೋಡೆಗೆ ಮುಖ ಮಾಡಿ ನಿಂತು ಅದನ್ನು ಎದೆಗೆ ಹಿಡಿದುಕೊಂಡರು, ನಾನು ಬೆನ್ನ ಹಿಂದೆ ಎರಡು ಗಂಟು ಹಾಕಿದೆ. ಮೇಲೆ ಟೀ ಶರ್ಟ್.

ನಾನು ಮೊದಲು ಇಳಿದು ಕೆಳಗೆ ಕಾಯುತ್ತಿದ್ದೆ. ಅಪ್ಪಾಜಿ ಜೋಳದ ಚೀಲದ ಹಾಗೆ ಬಂದು ಬಿದ್ದರು. ಎದ್ದು ನಿಂತರು. ನಗುತ್ತಿದ್ದರು, ಅವ್ವ. ಕಣ್ಣು, ಮೀಸೆ, ಎಲ್ಲ ಕಡೆಯಿಂದ ನೀರು ಸುರಿಯುತ್ತಾ ನಗುತ್ತಿದ್ದರು. ನಾನು ಅವರನ್ನು ಹಾಗೆ ನೋಡಿಯೇ ಇರಲಿಲ್ಲ. ಆಮೇಲೆ ಕೈ ಎದೆಗೆ ಹೋಯಿತು.

ರಿಬ್ಬನ್ ನೀರಿನ ಮೇಲೆ ತೇಲುತ್ತಿತ್ತು. ಕರವಸ್ತ್ರವೂ ಸಿಕ್ಕಿತು. ಲಿಂಗ ಸಿಗಲಿಲ್ಲ.

ಗಾರ್ಡ್ ಸೀಟಿ ಊದಿ ಸ್ಲೈಡ್ ನಿಲ್ಲಿಸಿದ. ಮೇಲಿನಿಂದ, "ಲೈನ್ ಯಾಕ ನಿಂತೈತ್ರೋ" ಎಂದು ಕೂಗಿದರು. "ಯಜಮಾನ್ರ ಲಿಂಗ ನೀರಿಗಿ ಬಿದ್ದೈತಂತ" ಎಂದು ಯಾರೋ ಹೇಳಿದರು. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಇಳಿದು ಬಂದು ಕೊಳದ ತಳವನ್ನು ಕಾಲಿನಿಂದ ತಡಕತೊಡಗಿದರು. ಹಸನಬೀ ಗದರಿದಳು. "ಏ, ಕಾಲಿಲೆ ತುಳಿಬ್ಯಾಡ್ರಿ, ದೇವರದು. ಕೈಲೆ ಹುಡುಕ್ರಿ." ಆಗ ಎಲ್ಲರೂ ಗದ್ದದ ತನಕ ನೀರಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಗಂಗಾವತಿಯವರು, ಕುಷ್ಟಗಿಯವರು, ಯಾರು ಯಾರೋ. ಬರೀ ತಲೆಗಳು ಕಾಣುತ್ತಿದ್ದವು. ನಡುವೆ ಅಪ್ಪಾಜಿ ಕಣ್ಣು ಮುಚ್ಚಿಕೊಂಡು ಹುಡುಕುತ್ತಿದ್ದರು.

ನೀರು ಎಳೆಯುವ ಜಾಲರಿಯೊಳಗೆ ಹೋಗಿರಬಹುದು, ಫಿಲ್ಟರ್ ತೆಗೆದಾಗ ನೋಡುತ್ತೇವೆ ಎಂದು ಮ್ಯಾನೇಜರ್ ನಂಬರ್ ಕೊಟ್ಟ. ಅಪ್ಪಾಜಿ ಬಟ್ಟೆ ಬದಲಿಸಿ, ಖಾಲಿ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಅಂಗಿಯ ಗುಂಡಿ ಮೇಲಿನ ತನಕ ಹಾಕಿದರು.

ಗಂಟು ಹಾಕಿದವಳು ನಾನು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವ್ವ, ಲೈಬ್ರರಿ ಕಂಪ್ಯೂಟರಿನಲ್ಲಿ ನೋಡಿದೆ. ಇಷ್ಟಲಿಂಗ ಆನ್‌ಲೈನಿನಲ್ಲಿ ಸಿಗುತ್ತದೆ, ಎರಡು ದಿನಕ್ಕೆ ಬರುತ್ತದಂತೆ. ತರಿಸಲಾ?

ಅಮೃತಾ


ಯಲಬುರ್ಗಾ
14 ಮಾರ್ಚ್ 2025

ಅಮೃತಾ,

ತರಿಸಬೇಡ. ಅದು ಅಂಗಡಿಯಿಂದ ತಂದು ಕಟ್ಟಿಕೊಳ್ಳುವ ಸಾಮಾನಲ್ಲ. ಗುರುವಿನ ಕೈಯಿಂದ ಅಂಗೈಗೆ ಬರಬೇಕು. ನಿನಗೂ ಕಟ್ಟಿಸಿದ್ದೆವು. ಹಾಸ್ಟೆಲ್ಲಿಗೆ ಹೋಗುವಾಗ ದೇವರ ಜಗಲಿಯ ಮೇಲೆ ಇಟ್ಟು ಹೋದೆ, ನಿನಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ತಪ್ಪು ನನ್ನದು.

ಅವರು ನನಗೆ ಏನೂ ಹೇಳಿರಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದರು, ಅಷ್ಟೇ. ನಾನು ಅಜವಾನ ನೀರು ಕಾಸಿ ಕೊಟ್ಟೆ, ಅದನ್ನೂ ಮುಟ್ಟಲಿಲ್ಲ. ಲಿಂಗ ಮೈಮೇಲೆ ಇಲ್ಲದೆ ಬೇಯಿಸಿದ್ದನ್ನು ತಿನ್ನಬಾರದು ಎಂಬುದು ಅವರ ನೇಮ. ಬೆಳಿಗ್ಗೆ ಬಾಗಿಲು ಅರ್ಧ ಮುಂದೆ ಮಾಡಿ ಪೂಜೆಗೆ ಕೂತಿದ್ದರು. ಸಂದಿಯಿಂದ ನೋಡಿದೆ. ಎಡ ಅಂಗೈ ಮುಂದೆ ಚಾಚಿದ್ದರು, ಅದರಲ್ಲಿ ಏನೂ ಇರಲಿಲ್ಲ. ಖಾಲಿ ಕೈಯನ್ನೇ ನೋಡುತ್ತಾ ಕೂತಿದ್ದರು. ನಿನ್ನ ಪತ್ರ ಬಂದ ಮೇಲೆ ಅರ್ಥವಾಯಿತು.

ಈಗ ಅವರು ತಿನ್ನುವುದು ಬಾಳೆಹಣ್ಣು, ಹಸಿ ಹಾಲು, ನೆನೆಸಿದ ಶೇಂಗಾ, ಇಷ್ಟೇ. ಅದರ ಮೇಲೆ ಸಕ್ಕರೆ ಗುಳಿಗೆ.

"ಅಜ್ಜಾರ ಕಡಿ ಹೋಗಿ ಇನ್ನೊಂದು ಕಟ್ಟಿಸ್ಕೊಂಡು ಬರ್ರಿ" ಅಂದೆ. "ಹೆಂಗ ಕಳೀತು ಅಂತ ಕೇಳ್ತಾರ" ಅಂದರು. "ಕೇಳಿದ್ರ ಹೇಳ್ರಿ" ಅಂದೆ. ಅದಕ್ಕೆ ಎದ್ದು ಅಂಗಡಿಗೆ ಹೋದರು. ಸೋಮವಾರ ಮಠಕ್ಕೂ ಹೋಗಲಿಲ್ಲ.

ನೀನು ಓದು.

ಅವ್ವ


ಕೊಪ್ಪಳ
17 ಮಾರ್ಚ್ 2025

ಅವ್ವ,

ನಿನ್ನೆ ಮೊಬೈಲ್ ಕೊಟ್ಟಾಗ ಮೊದಲು ಪಾರ್ಕಿಗೆ ಫೋನ್ ಮಾಡಿದೆ. ಫಿಲ್ಟರ್ ತೆಗೆದು ನೋಡಿದರಂತೆ. ಕಾಲುಂಗುರ, ಕನ್ನಡಕದ ಒಂದು ಕಾಲು, ಯಾರದೋ ಕಟ್ಟಿಸಿಕೊಂಡ ಹಲ್ಲು ಸಿಕ್ಕಿವೆ. ಅಪ್ಪಾಜಿಯದು ಇಲ್ಲ. ಮ್ಯಾನೇಜರ್ ಪಾಪ, "ಮೇಡಂ, ನಮ್ಮ ಹುಡುಗ್ರು ಪೈಪ್ ಸೈತ ಬಿಚ್ಚಿ ನೋಡ್ಯಾರ್ರಿ" ಎಂದ. ನನ್ನನ್ನು ಮೇಡಂ ಎಂದವನು ಅವನೊಬ್ಬನೇ, ಅದೂ ಇಂಥ ಹೊತ್ತಿನಲ್ಲಿ.

ಆಮೇಲೆ ನಿಮಗೆ ಮಾಡಿದೆ. ವಿಡಿಯೋದಲ್ಲಿ ಅಪ್ಪಾಜಿ, "ಊಟ ಆತೇನು" ಎಂದು ಕೇಳಿದರು. ಆಯಿತು ಎಂದೆ. ನಿಮ್ಮದು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರ ಅಂಗಿಯ ಕಾಲರ್ ಕುತ್ತಿಗೆಗೆ ದೊಡ್ಡದಾಗಿದೆ. ನೀನು ಕ್ಯಾಮೆರಾವನ್ನು ನಿನ್ನ ಕಡೆ ತಿರುಗಿಸಿಬಿಟ್ಟೆ.

ಇಂಟರ್ನಲ್ಸ್ ನಡೆಯುತ್ತಿವೆ. ಫಿಸಿಕ್ಸ್‌ನಲ್ಲಿ ಇಳಿಜಾರಿನ ಮೇಲೆ ಜಾರುವ ವಸ್ತುವಿನ ವೇಗ ಕೇಳಿದ್ದರು. ಘರ್ಷಣೆ ಇಲ್ಲ ಎಂದು ಭಾವಿಸಿರಿ ಅಂತ. ಸೂತ್ರ ಬರೆದೆ, ಮುಂದೆ ಕೈ ಓಡಲಿಲ್ಲ. ಪರೀಕ್ಷೆ ಹಾಲ್‌ನಿಂದ ಎದ್ದು ಬಂದೆ. ರಾತ್ರಿ ಊಟಕ್ಕೂ ಹೋಗಲಿಲ್ಲ. ಲಲಿತಾ ತಾಟು ತಂದು ಮಂಚದ ಮೇಲೆ ಕುಕ್ಕಿ, "ನೀ ಹಸಕೊಂಡು ಕುಂತ್ರ ನಿಮ್ಮಪ್ಪಾಜಿ ಹೊಟ್ಟಿ ತುಂಬತೈತೇನ? ತಿನ್ನು ಸುಮ್ನ" ಎಂದಳು. ತಿಂದೆ. ತಿಂದದ್ದಕ್ಕೆ ಅಳು ಬಂತು.

ಕ್ಯಾಂಟೀನಿನಲ್ಲಿ ಈಗ ಎಲ್ಲರೂ ನನ್ನನ್ನು ಗುರುತಿಸುತ್ತಾರೆ. ಪಾರ್ಕಿನಲ್ಲಿ ಅವತ್ತು ನಮ್ಮ ಕಾಲೇಜಿನವರೂ ಇದ್ದರಂತೆ. "ಎಲ್ಲರ ಕೈಲೂ ಕೊಳ ತಡಕಿಸಿದವಳು ನೀನೇನಾ?" ಎಂದು ಕೇಳುತ್ತಾರೆ. ನನಗೆ ಬೇಕಾಗಿದ್ದ ವಿಷಯ ಸಿಕ್ಕಿತು ನೋಡು.

ನೀನೇ ಹೋಗಿ ಅಜ್ಜಾರಿಗೆ ಹೇಳಬಾರದೇ?

ಅಮೃತಾ


ಯಲಬುರ್ಗಾ
31 ಮಾರ್ಚ್ 2025

ಅಮೃತಾ,

ನಿನ್ನ ಪರೀಕ್ಷೆ ಮುಗಿಯಲಿ ಎಂದು ಬರೆಯಲಿಲ್ಲ. ರೊಟ್ಟಿ ಮಾತ್ರ ಕಳಿಸಿದೆ.

ನಾನು ಹೋಗಿ ಹೇಳುವಂತಿಲ್ಲ. ಒಂದು ದಿನ ಶಾಲು ಹೊದ್ದು ಹೊರಟಿದ್ದೆ. ನಿಮ್ಮಪ್ಪಾಜಿ ಹೊಸ್ತಿಲಲ್ಲಿ ನಿಲ್ಲಿಸಿ ತಮ್ಮ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಹಾಕಿದರು. ಮಠದವರು ಎರಡು ಸಲ ಹೇಳಿ ಕಳಿಸಿದ್ದಾರೆ, ವಿರೂಪಾಕ್ಷಪ್ಪನವರು ಯಾಕೆ ಬರುತ್ತಿಲ್ಲ ಎಂದು. "ಮಾಲ್ ತರಾಕ ಹೋಗ್ಯಾರ" ಎಂದು ನನ್ನಿಂದ ಸುಳ್ಳು ಹೇಳಿಸಿದರು. ಒಳಗಿನ ಕೋಣೆಯಲ್ಲೇ ಇದ್ದರು.

ನಿನ್ನೆ ಯುಗಾದಿ. ಹೋಳಿಗೆ ಮಾಡಿದೆ. ನಿಮ್ಮಪ್ಪಾಜಿ ಬೇವು ಬೆಲ್ಲ ನಾಲಿಗೆಗೆ ಹಚ್ಚಿಕೊಂಡು ಎದ್ದರು. ನನಗೂ ಇಳಿಯಲಿಲ್ಲ. ಓಣಿಯ ಮಕ್ಕಳಿಗೆ ಹಂಚಿದೆ.

ಬರೆಯಬಾರದು ಅಂದುಕೊಂಡಿದ್ದೆ, ಆದರೆ ನೀನು ಯಾರಿಂದಲೋ ಕೇಳುವುದು ಬೇಡ. ಶುಕ್ರವಾರ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಾ ಹಾಗೇ ಕುಸಿದು ಕೂತರಂತೆ. ಗಿರಾಕಿಗಳೇ ನೀರು ಚಿಮುಕಿಸಿದರು. ಡಾಕ್ಟರ್ ಸಕ್ಕರೆ ಇಳಿದಿದೆ ಎಂದು ಗ್ಲೂಕೋಸ್ ಹಾಕಿದರು. "ಗುಳಿಗೆ ತಗೊಂಡು ಉಪಾಸ ಇದ್ರ ಒಂದಿನ ಏಳೂದಿಲ್ಲ ನೀವು" ಅಂತ ಅವರ ಎದುರಿಗೇ ಹೇಳಿದರು. ನಿಮ್ಮಪ್ಪಾಜಿ ಆಗಲಿ ಅಂತ ತಲೆ ಆಡಿಸಿದರು. ಮನೆಗೆ ಬಂದು ಬಾಳೆಹಣ್ಣು ಸುಲಿದರು.

ನನಗೆ ಮಾತ್ರ ಆಣೆ ಹಾಕಿದ್ದಾರೆ.

ಅವ್ವ


ಕೊಪ್ಪಳ
6 ಏಪ್ರಿಲ್ 2025

ಅವ್ವ,

ನಿನ್ನ ಪತ್ರದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ನೀನು ಹೇಳದೆ ಹೇಳಿದ್ದು ಅರ್ಥವಾಯಿತು ಅಂದುಕೊಂಡಿದ್ದೇನೆ. ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಈಗ ಏನೂ ಮಾಡಲು ಬರುವುದಿಲ್ಲ.

ಊರಿಗೆ ಹೋಗುತ್ತೇನೆಂದು ವಾರ್ಡನ್ ಮೇಡಂಗೆ ಬರೆದುಕೊಟ್ಟು ನಿನ್ನೆ ಯಲಬುರ್ಗಾಕ್ಕೆ ಬಂದಿದ್ದೆ. ಮನೆಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಬಜಾರ ತಪ್ಪಿಸಿ ಹಿಂದಿನ ಓಣಿಯಿಂದ ಮಠಕ್ಕೆ ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅಜ್ಜಾರ ಎದುರು ಹೇಗೆ ಮಾತಾಡಬೇಕು ಎಂದು ನನಗೆ ಯಾರೂ ಕಲಿಸಿಲ್ಲ.

ಅಜ್ಜಾರು ಹಿತ್ತಲಿನಲ್ಲಿ ಬೋರಿನ ಮೋಟರ್ ರಿಪೇರಿ ಮಾಡಿಸುತ್ತಾ ನಿಂತಿದ್ದರು. ಕಾವಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಗೆ ಗ್ರೀಸ್ ಆಗಿತ್ತು. ನಮಸ್ಕಾರ ಮಾಡಿದೆ. "ಯಾರ ಮಗಳವ್ವಾ ನೀ?" ಎಂದರು.

"ಜವಳಿ ಅಂಗಡಿ ವಿರೂಪಾಕ್ಷಪ್ಪನವ್ರ ಮಗಳ್ರಿ ಅಜ್ಜಾರ."

"ಮಾಲ್ ತರಾಕ ಹೋದವ್ರು ಬಂದ್ರೇನು?"

ಅಲ್ಲಿಗೆ ನಾನು ಸಿದ್ಧ ಮಾಡಿಕೊಂಡದ್ದೆಲ್ಲ ಹೋಯಿತು. ಹೇಗೆ ಬಂತೋ ಹಾಗೆ ಹೇಳಿದೆ. ವಾಟರ್ ಪಾರ್ಕು, ಕೊಳವೆ, ರಿಬ್ಬನ್, ನನ್ನ ಗಂಟು, ಬಾಳೆಹಣ್ಣು, ಅಂಗಡಿಯಲ್ಲಿ ಕುಸಿದದ್ದು. ಮೋಟರಿನವನು ಕೈ ನಿಲ್ಲಿಸಿ ಕೇಳುತ್ತಿದ್ದ. ಅಜ್ಜಾರು ಅವನಿಗೆ, "ನೀ ಹೋಗಿ ಚಾ ಕುಡದು ಬಾ" ಎಂದರು. ಅವನು ಹೋದ ಮೇಲೆ ಗ್ರೀಸಿನ ಕೈಯನ್ನು ಬೆರಳು ಬೆರಳಾಗಿ ಒರೆಸಿಕೊಂಡರು.

"ಎಷ್ಟು ಎತ್ತರ ಐತಿ ಅದು?"

ನನಗೆ ತಿಳಿಯಲಿಲ್ಲ. "ಯಾವುದ್ರಿ?"

"ಅದ, ಆ ಕೊಳವಿ. ನಮ್ಮ ಮಠದ ಶಿಖರಕ್ಕಿಂತ ಎತ್ತರ ಐತೇನು?"

"ಐತ್ರಿ" ಎಂದೆ. ಹೇಳಬಾರದಿತ್ತೇನೋ.

"ಒಳಗ ಕತ್ತಲಿ?"

"ಪೂರಾ ಕತ್ತಲಿ ಇರತೈತ್ರಿ."

"ಹೂಂ" ಎಂದರು. ಅಷ್ಟೇ. ಕರೆದು ಕಳಿಸುತ್ತೇನೆ ಎನ್ನಲಿಲ್ಲ, ಚಿಂತೆ ಮಾಡಬೇಡ ಎನ್ನಲಿಲ್ಲ. ನಾನೇ ಕೇಳಿದೆ, ಅಪ್ಪಾಜಿಗೆ ನೀವು ಬಾ ಎಂದು ಹೇಳಿ ಕಳಿಸುತ್ತೀರಾ ಎಂದು. "ಅವಗ ಬಾ ಅನ್ನೂದಿಲ್ಲ ನಾ" ಎಂದರು. "ಪ್ರಸಾದ ತಗೊಂಡು ಹೋಗು" ಎಂದು ಅಡುಗೆ ಮನೆ ತೋರಿಸಿದರು.

ಊಟ ಮಾಡಿದೆ ಅವ್ವ. ಗೋಧಿ ಹುಗ್ಗಿ, ಅನ್ನ, ಸಾರು. ಮನೆ ಅಷ್ಟು ಹತ್ತಿರದಲ್ಲಿ, ಅಪ್ಪಾಜಿ ಹಸಿದಿರುವಾಗ, ನಾನು ಎರಡನೇ ಸಲ ಹಾಕಿಸಿಕೊಂಡೆ.

ಈಗ ಏನು ಮಾಡಿಬಿಟ್ಟೆ ಎಂದು ಭಯವಾಗುತ್ತಿದೆ. ಅಪ್ಪಾಜಿ ಯಾರಿಗೂ ಗೊತ್ತಾಗಬಾರದು ಎಂದುಕೊಂಡಿದ್ದರು. ಮೋಟರಿನವನಿಗೂ ಗೊತ್ತಾಯಿತು. ಅವರು ಇನ್ನು ಹೊರಗೆ ಬರದೇ ಇದ್ದರೆ? ಗುಳಿಗೆ ಮಾತ್ರ ತಪ್ಪಿಸು ಅವ್ವ. ಹೇಗಾದರೂ ಬಚ್ಚಿಡು.

ಡಬ್ಬಿ ಕಳಿಸುವಾಗ ಎರಡು ಸಾಲು ಬರೆ. ಬರೆಯದಿದ್ದರೂ ಡಬ್ಬಿ ಕಳಿಸು. ಡಬ್ಬಿ ಬರದಿದ್ದರೆ ನಾನು ಏನೇನೋ ಅಂದುಕೊಳ್ಳುತ್ತೇನೆ.

ಅಮೃತಾ


ಯಲಬುರ್ಗಾ
16 ಏಪ್ರಿಲ್ 2025

ಮಗಳು ಅಮೃತಾಳಿಗೆ ತಂದೆಯ ಆಶೀರ್ವಾದ.

ನಿಮ್ಮವ್ವ ಡಬ್ಬಿ ಕಟ್ಟುತ್ತಿದ್ದಳು. ಈ ಸಲ ಚೀಟಿ ನಾನು ಬರೆಯುತ್ತೇನೆ ಎಂದು ಹೇಳಿ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಡಬ್ಬಿಯಲ್ಲಿ ಪತ್ರ ಓಡಾಡುವುದು ನನಗೆ ಮೊದಲಿನಿಂದ ಗೊತ್ತಿತ್ತು.

ನೀನು ಮಠಕ್ಕೆ ಹೋಗಿದ್ದೂ ಗೊತ್ತಾಯಿತು. ಅದಕ್ಕೆ ಮೊದಲು ಇನ್ನೊಂದು ವಿಷಯ. ಗಂಟು ನಿನ್ನದೆಂದು ಅತ್ತಿದ್ದೀ ಎಂದು ನಿಮ್ಮವ್ವ ಹೇಳಿದಳು. ನಾನು ಮೀಸೆ ಬಂದಾಗಿನಿಂದ ಅರಿವೆ ಮಾರಿದವನು. ಸ್ಯಾಟಿನ್ ತೊಯ್ದರೆ ಗಂಟು ನಿಲ್ಲುವುದಿಲ್ಲ ಎಂಬುದು ನನಗೆ ತಿಳಿಯದ್ದಲ್ಲ. ನೀನು ಜಡೆಯಿಂದ ಬಿಚ್ಚಿದಾಗಲೇ ಗೊತ್ತಿತ್ತು. ಬೇರೆ ದಾರ ಹುಡುಕುತ್ತಾ ಕೂತರೆ ನನ್ನ ಮನಸ್ಸು ಬದಲಾಗುತ್ತದೆ ಎಂದು ಸುಮ್ಮನಿದ್ದೆ. ಇಳಿಯಬೇಕು ಅನ್ನಿಸಿತ್ತು. ಗಂಟಿನ ಮಾತನ್ನು ನೀನು ಇನ್ನು ತಲೆಯಿಂದ ತೆಗೆದುಹಾಕು.

ಮೊನ್ನೆ ಸೋಮವಾರ ಮಧ್ಯಾಹ್ನ ಅಜ್ಜಾರು ಅಂಗಡಿಗೆ ಬಂದರು. ಹೇಳಿ ಕಳಿಸಿರಲಿಲ್ಲ. ಗಾದಿಯ ಮೇಲೆ ಕೂತು, "ಕಾವಿ ಅರಿವಿ ತೋರಸು" ಎಂದರು. ತೋರಿಸಿದೆ. ಒಂದೊಂದೇ ಗಿರಾಕಿ ನಮಸ್ಕಾರ ಮಾಡಿ ಹೋಗುವ ತನಕ ಅರಿವೆಯ ಅಂಚು ನೋಡುತ್ತಾ ಕೂತರು. ಅಂಗಡಿ ಖಾಲಿಯಾದ ಮೇಲೆ, "ಜಾರೂದು ಛಲೋ ಇತ್ತೇನು?" ಎಂದು ಕೇಳಿದರು.

ಅವರು ಕಾಯುತ್ತಿದ್ದರು. "ಛಲೋ ಇತ್ರಿ ಬುದ್ಧಿ" ಎಂದೆ.

"ಮತ್ತ ಮಠಕ್ಕ ಯಾಕ ಬರಲಿಲ್ಲ? ಜಾರಿದ್ದಕ್ಕ ನಾಚಿಕಿ ಬಂತೇನು?"

ನಿಮ್ಮವ್ವನೂ ಹಾಗೆಯೇ ತಿಳಿದಿದ್ದಾಳೆ, ನೀನೂ ಹಾಗೆಯೇ ತಿಳಿದಿರಬೇಕು. ಅದಲ್ಲ. ಅಜ್ಜಾರಿಗೆ ಹೇಳಿದ ಮೇಲೆ ನಿನಗೆ ಹೇಳಲು ಅಡ್ಡಿ ಇಲ್ಲ. ಆ ಕೊಳವೆಯೊಳಗೆ ಬೆಳಕು ಹೋಗಿ, ಕಾಲಿನ ಕೆಳಗೆ ಏನೂ ಇಲ್ಲದಾಗ, ನನ್ನದು ಇಲ್ಲಿಗೆ ಮುಗಿಯಿತು ಎಂದೇ ತಿಳಿದೆ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಇದೆ. ಪ್ರತಿ ಸೋಮವಾರ ಊರಿಗೆಲ್ಲ ಓದಿ ಹೇಳುತ್ತೇನೆ. ಕೊನೆಯ ಗಳಿಗೆಯಲ್ಲಿ ಬಾಯಲ್ಲಿ ಶಿವನ ಹೆಸರು ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಆ ಗಳಿಗೆ ಬಂತು. ನನ್ನ ಬಾಯಲ್ಲಿ ಬಂದದ್ದು "ಯವ್ವಾ" ಎಂದು. ಕೆಳಗೆ ಬಂದು ಬೀಳುವ ತನಕ ಅದೊಂದೇ. ಎದ್ದು ನಿಂತು ಎದೆ ಮುಟ್ಟಿಕೊಂಡರೆ ಲಿಂಗ ಇರಲಿಲ್ಲ. ಕರೆಯದವನ ಹತ್ತಿರ ಯಾಕೆ ಇರಬೇಕು ಎಂದು ಬಿಟ್ಟು ಹೋಯಿತು ಅನ್ನಿಸಿತು. ಹಾಗಿದ್ದ ಮೇಲೆ ಮತ್ತೊಂದನ್ನು ಯಾವ ಮುಖ ಹೊತ್ತು ಕೇಳಲಿ?

ಇದನ್ನೇ ಅಜ್ಜಾರಿಗೆ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಹೋದ ತಿಂಗಳ ಬಚ್ಚಲದಾಗ ಜಾರಿ ಬಿದ್ದೆ, ವಿರೂಪಾಕ್ಷಪ್ಪ" ಎಂದರು. "ನಾನೂ ಯವ್ವಾ ಅಂದೆ. ಏಳು ವರ್ಷದಾಂವ ಇದ್ದಾಗ ನನ್ನ ಮಠಕ್ಕ ಕೊಟ್ರು. ನಮ್ಮವ್ವನ ಮಾರಿ ಹೆಂಗಿತ್ತಂತ ಸೈತ ನನಗ ನೆನಪಿಲ್ಲ. ಆದ್ರೂ ಆಕೀನ ಬಂದ್ಲು ಬಾಯಾಗ."

ಮತ್ತೆ ಕಾವಿ ಅರಿವೆಯನ್ನು ಮಡಚುತ್ತಾ ಕೂತರು. ಏಳುವಾಗ, "ನಾಳಿ ಮುಂಜಾನಿ ಜಳಕಾ ಮಾಡಿ ಬಾ. ನನ್ನ ಕೈಯಾಗ ಒಂದು ಐತಿ" ಎಂದರು.

ನಿನ್ನೆ ಹೋಗಿ ಕಟ್ಟಿಸಿಕೊಂಡು ಬಂದೆ. ಓದುವ ಪಾಳಿ ಬರುವ ಸೋಮವಾರದಿಂದ.

ಬಿಟ್ಟ ಪರೀಕ್ಷೆಯನ್ನು ಮತ್ತೆ ಕೊಡುತ್ತಾರಂತೆ ಎಂದು ನಿಮ್ಮವ್ವ ಅಂದಳು. ಕಟ್ಟು.

ಬಚ್ಚಲ ವಿಷಯವನ್ನು ನಿಮ್ಮವ್ವನಿಗೆ ಹೇಳಿಲ್ಲ, ಅವಳೂ ಏನೂ ಕೇಳಲಿಲ್ಲ. ಮಠದಿಂದ ಬರುವಷ್ಟರಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ ಮಾಡಿ ತಾಟು ಹಚ್ಚಿ ಇಟ್ಟಿದ್ದಳು. ಎದುರಿಗೆ ಕೂತು ನಾನು ಮೊದಲ ತುತ್ತು ಮುರಿಯುವುದನ್ನೇ ನೋಡುತ್ತಿದ್ದಳು. ನುಂಗಿದ ಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಉಪ್ಪು ಹೆಚ್ಚಾಗೇತೇನ್ರಿ?" ಎಂದಳು.

ಬಾಯಿಗೆ ಇಡಲು ಆಗದಷ್ಟು ಹೆಚ್ಚಾಗಿತ್ತು. ಇಲ್ಲ ಎಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಿನ್ನ ತಂದೆ
ವಿರೂಪಾಕ್ಷಪ್ಪ